ಮನೆಯೊಳಗಿನ ಬಯಲು

ಹಳೆಯ ಮನೆಯನ್ನು ಹೊಸದು ಮಾಡಿಸಬೇಕೆಂಬ ಮಾತು ಒಂದು ಸಂಸಾರದಲ್ಲಿ ಹುಟ್ಟಿತೆಂದರೆ, ಮೊದಲು ಎಲ್ಲರ ಕಣ್ಣೂ ಬೀಳುವುದು ತೊಟ್ಟಿಯ ಮೇಲೆ. “ಇಷ್ಟು ಜಾಗ ಸುಮ್ಮನೆ ಬಿದ್ದಿದೆಯಲ್ಲ! ಮೇಲೊಂದು ಸ್ಲ್ಯಾಬು ಹಾಕಿಸಿಬಿಟ್ಟರೆ ಒಳ್ಳೆಯ ಹಾಲು ಆಗುತ್ತದೆ” ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ನಿಮಗೂ ಅಂಥ ಮನೆಯೊಂದಿದ್ದರೆ ಈ ಮಾತನ್ನು ನೀವೂ ಕೇಳಿರಬಹುದು, ಆಡಿಯೂ ಇರಬಹುದು. ಸ್ಲ್ಯಾಬು ಹಾಕಿಸುವ ಮುನ್ನ, ಆ ‘ಸುಮ್ಮನೆ ಬಿದ್ದಿರುವ’ ಜಾಗದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಯೋಚಿಸೋಣ ಬನ್ನಿ.

ಮನೆಯೊಳಗೆ ಸಾಮಾನು ಕಡಮೆ ಇರಬೇಕು, ಗೋಡೆ ಬರಿದಾಗಿರಬೇಕು, ನೆಲ ಕಣ್ಣಿಗೆ ಕಾಣಬೇಕು ಎಂಬ ಅಭಿರುಚಿ ಈಗ ದೊಡ್ಡ ಊರುಗಳ ಫ್ಲಾಟುಗಳಿಂದ ಹೊರಟು ಜಿಲ್ಲೆಯ ಬಡಾವಣೆಗಳಿಗೂ ಬಂದಿದೆ. ಅದಕ್ಕೆ ‘ಮಿನಿಮಲ್’ ಎಂದು ಹೆಸರು. ಹೆಸರು ಹೊಸದು; ಸಂಗತಿ ನಮಗೆ ತೀರ ಹೊಸದಲ್ಲ. ನಿಮ್ಮ ಅಜ್ಜಿಯ ಮನೆಯ ಹಜಾರವನ್ನು ಜ್ಞಾಪಿಸಿಕೊಳ್ಳಿ. ಅಲ್ಲಿ ಏನಿತ್ತು? ಗೋಡೆಗೆ ತಾಗಿದಂತೆ ಒಂದು ಬೆಂಚು, ಗೂಟಕ್ಕೆ ನೇತು ಹಾಕಿದ ಛತ್ರಿ, ಗೂಡಿನಲ್ಲಿ ದೀಪ, ಮೇಲೆ ದೇವರ ಪಟಗಳ ಒಂದು ಸಾಲು. ಉಳಿದದ್ದೆಲ್ಲ ಬರಿ ನೆಲ. ಬೆಳಿಗ್ಗೆ ಅಲ್ಲಿ ಮಕ್ಕಳು ಓದಿಕೊಳ್ಳುತ್ತಿದ್ದರು. ಮಧ್ಯಾಹ್ನ ಎಲೆ ಹಾಕಿ ಊಟ. ಸುಗ್ಗಿಯಲ್ಲಿ ಬತ್ತದ ಮೂಟೆ. ರಾತ್ರಿ ಚಾಪೆ ಬಿಚ್ಚಿದರೆ ಹತ್ತು ಜನರ ನಿದ್ರೆ. ಒಂದೇ ನೆಲ ದಿನಕ್ಕೆ ನಾಲ್ಕು ಕೆಲಸ ಮಾಡುತ್ತಿತ್ತು. ಆರಡಿಗೆ ಮೂರಡಿಯ ಚಾಪೆ ಹಾಸಿದಾಗ ೧೮ ಚದರಡಿ. ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದಾಗ ಅದು ತೋಳಿನಷ್ಟು ದಪ್ಪದ ಒಂದು ಕೋಲು ಅಷ್ಟೆ.

ಹಾಗಾದರೆ ಆ ದೊಡ್ಡ ಸಂಸಾರದ ಸಾಮಾನೆಲ್ಲ ಎಲ್ಲಿತ್ತು? ಮುಖ್ಯವಾದ ಪ್ರಶ್ನೆ ಇದೇ. ರಾಗಿ ನೆಲದಡಿಯ ಹಗೇವಿನಲ್ಲಿತ್ತು. ದಿನದ ಖರ್ಚಿನ ಧಾನ್ಯ ವಾಡೆಯಲ್ಲಿತ್ತು. ಹಬ್ಬದ ಪಾತ್ರೆ ಅಟ್ಟದ ಮೇಲೆ, ಬೆಣ್ಣೆ ಮೊಸರಿನ ಗಡಿಗೆ ಸೂರಿನಿಂದ ಇಳಿಬಿಟ್ಟ ನೆಲುವಿನಲ್ಲಿ, ಉಡುವ ಬಟ್ಟೆ ಅಡ್ಡ ಕಟ್ಟಿದ ಗಳುವಿನ ಮೇಲೆ, ಸೀರೆ ಒಡವೆ ಮರದ ಪೆಟ್ಟಿಗೆಯಲ್ಲಿ. ಗೋಡೆಗಳು ಒಂದೂವರೆ ಎರಡಡಿ ದಪ್ಪದ ಮಣ್ಣಿನ ಗೋಡೆಗಳಾದ್ದರಿಂದ ಅವುಗಳಲ್ಲೇ ಗೂಡು ಕೊರೆಯುವುದು ಸುಲಭವಾಗಿತ್ತು. ಹಜಾರ ಬರಿದಾಗಿ ಕಾಣುತ್ತಿದ್ದುದು, ಅದರ ಹಿಂದೆಯೂ ಮೇಲೆಯೂ ಕೆಳಗೂ ತುಂಬಿದ ಉಗ್ರಾಣವೊಂದು ಇದ್ದುದರಿಂದ. ಮನೆಯ ನಡು ಬಯಲಾಗಿತ್ತು. ಸಾಮಾನೆಲ್ಲ ಬದಿಗೆ ಸರಿದಿತ್ತು.

ಗೂಡಿನ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ೧೯೦೨ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. ತಂತಿ ಊರಿನಾಚೆ ಹಾದು ಹೋಗುತ್ತಿದ್ದಾಗ ಊರಿನ ಮನೆಗಳ ಗೂಡುಗಳಲ್ಲಿ ಉರಿಯುತ್ತಿದ್ದುದು ಎಣ್ಣೆಯ ದೀಪವೇ. ಹಗಲಿನ ಬೆಳಕಿಗೆ ತೊಟ್ಟಿಯೊಂದೇ ಗತಿ.

ತೊಟ್ಟಿಮನೆಯನ್ನು ನಮ್ಮವರು ಅಳೆಯುತ್ತಿದ್ದುದು ಅಂಕಣದ ಲೆಕ್ಕದಲ್ಲಿ. ಒಂದು ಕಂಬಕ್ಕೂ ಇನ್ನೊಂದು ಕಂಬಕ್ಕೂ ನಡುವಣ ಜಾಗವೇ ಅಂಕಣ. (ಪತ್ರಿಕೆಯವರು ಈ ಪದವನ್ನು ಎತ್ತಿಕೊಂಡು ತಮ್ಮ ಬರಹಗಳಿಗೆ ಇಟ್ಟಮೇಲೆ, ಮನೆಯ ಅಂಕಣ ಅನೇಕರಿಗೆ ಮರೆತೇ ಹೋಗಿದೆ.) ಜಪಾನಿನವರದೂ ಇಂಥದೇ ಪದ್ಧತಿ. ಅವರು ಕೋಣೆಯನ್ನು ಅಳೆಯುವುದು ಚಾಪೆಯಿಂದ: ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ. ‘ತತಾಮಿ’ ಎಂಬ ಆ ಚಾಪೆಯೂ ಸುಮಾರು ಆರಡಿಗೆ ಮೂರಡಿ. ಹಗಲು ಹಾಸಿಗೆಯನ್ನು ಮಡಿಸಿ ಗೋಡೆಯೊಳಗಿನ ಬೀರುವಿನಲ್ಲಿ ಇಟ್ಟುಬಿಟ್ಟರೆ ಮಲಗುವ ಕೋಣೆಯೇ ಕೂರುವ ಕೋಣೆಯಾಗುತ್ತದೆ. ಜಗತ್ತೆಲ್ಲ ಮೆಚ್ಚುವ ಆ ಸರಳತೆಯ ಹಿಂದೆಯೂ ಒಂದು ಬೀರು ಇದೆ ಎಂಬುದನ್ನು ನೆನಪಿಡಿ.

ಬೀರುವಿಲ್ಲದ ಸರಳತೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಒಂದು ಪ್ರಸಿದ್ಧ ದೃಷ್ಟಾಂತವುಂಟು. ಮೀಸ್ ವಾನ್ ಡೆರ್ ರೋ ಎಂಬ ಮಹಾಶಿಲ್ಪಿ ಈಡಿತ್ ಫಾರ್ನ್ಸ್‌ವರ್ತ್ ಎಂಬ ವೈದ್ಯೆಗಾಗಿ ಇಲಿನಾಯ್ ಸಂಸ್ಥಾನದ ನದೀತೀರದಲ್ಲಿ ಒಂದು ಮನೆ ಕಟ್ಟಿಸಿದರು. ೧೯೫೧ರಲ್ಲಿ ಅದು ಮುಗಿಯಿತು. ಸುತ್ತ ಗಾಜು, ಒಳಗೆ ಒಂದೇ ವಿಶಾಲವಾದ ಅಂಗಣ. ಚಿತ್ರದಲ್ಲಿ ನೋಡಲು ಅಪೂರ್ವವಾದ ಕಟ್ಟಡ. ಒಳಗೆ ಇರಬೇಕಾದಾಕೆಗೆ ಬೇಸಗೆಯಲ್ಲಿ ಸೆಕೆ, ಇರುಳು ದೀಪ ಹಚ್ಚಿದರೆ ಹುಳುಗಳ ಮುತ್ತಿಗೆ. ಕಸದ ಡಬ್ಬಿ ಇಟ್ಟರೂ ರಸ್ತೆಗೆ ಕಾಣುವುದಲ್ಲ ಎಂಬ ಸಂಕಟ. ಆ ವೈದ್ಯೆಗೂ ಶಿಲ್ಪಿಗೂ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಕಸದ ಡಬ್ಬಿಗೆ ಜಾಗವಿಲ್ಲದ ಮನೆಯನ್ನು ನಾನಂತೂ ಸರಳವಾದ ಮನೆ ಎನ್ನಲಾರೆ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಹಳೆಯ ಮನೆಯನ್ನು ಹೊಗಳುವ ಉತ್ಸಾಹದಲ್ಲಿ, ಇಲ್ಲದವರ ಮನೆಯ ಬರಿದುತನಕ್ಕೆ ಅಭಿರುಚಿಯ ಹೆಸರು ಕೊಡುವುದು ಅನ್ಯಾಯ. ಒಂದಂಕಣದ ಗುಡಿಸಿಲಲ್ಲಿ ಸಾಮಾನು ಕಡಮೆ ಇದ್ದುದು ಕೊಳ್ಳಲು ಹಣವಿಲ್ಲದೆ. ತೊಟ್ಟಿಮನೆಯಲ್ಲಿಯೂ ಬೆಳಕು ಎಲ್ಲರಿಗೂ ಸಮನಾಗಿ ಬೀಳುತ್ತಿರಲಿಲ್ಲ: ಹಜಾರ ಗಂಡಸರದು, ಹೊಗೆ ತುಂಬಿದ ಅಡಿಗೆಮನೆ ಹೆಂಗಸರದು, ಜಗಲಿಯನ್ನು ದಾಟಿ ಒಳಗೆ ಬರಲು ಎಲ್ಲರಿಗೂ ಅಪ್ಪಣೆ ಇರಲಿಲ್ಲ. ೧೯೩೦ರ ದಶಕದಲ್ಲಿ ನಾಲೆಯ ನೀರು ಬಂದು, ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ, ೧೯೩೯ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾದ ಮೇಲೆ, ಕಬ್ಬು ಬತ್ತ ಬೆಳೆದವರ ಕೈಯಲ್ಲಿ ನಾಲ್ಕು ಕಾಸು ಆಡಿತು. ದುಡ್ಡು ಬಂದ ಮನೆಗೆ ಕುರ್ಚಿ, ಮಂಚ, ಬೀರು ಬಂದುದು ಸಹಜ. ತಂದೆ ನೆಲದ ಮೇಲೆ ಕೂತಿದ್ದರೆಂದು ಮಗನೂ ಕೂರಲಿ ಎನ್ನಲು ನಾವು ಯಾರು? ಕೇಳಬೇಕಾದ್ದು ಇಷ್ಟೇ: ಬಂದ ಸಾಮಾನು ನಮಗೆ ಜಾಗ ಬಿಟ್ಟಿದೆಯೇ?

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಮಂಡ್ಯದ ಯಾವುದೋ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಮುಂದಿನ ಕೋಣೆ ೧೦ ಅಡಿಗೆ ೧೨ ಅಡಿ, ಎಂದರೆ ೧೨೦ ಚದರಡಿ. ಮೂವರು ಕೂರುವ ಸೋಫಾ ೭ ಅಡಿ ಉದ್ದ ೩ ಅಡಿ ಅಗಲ: ೨೧ ಚದರಡಿ ಹೋಯಿತು. ಒಂಟಿ ಸೋಫಾ ಎರಡು: ೧೮. ನಡುವೆ ಟೀಪಾಯಿ: ೮. ಟೆಲಿವಿಷನ್ ಇಡುವ ಷೋಕೇಸು: ೯. ಒಟ್ಟು ೫೬ ಚದರಡಿ. ಕೋಣೆಯ ಹತ್ತಿರ ಹತ್ತಿರ ಅರ್ಧ ಭಾಗವನ್ನು, ದಿನಕ್ಕೆ ಎರಡು ಗಂಟೆ ಕೂರುವುದಕ್ಕಾಗಿ, ಇಪ್ಪತ್ತನಾಲ್ಕು ಗಂಟೆಯೂ ಸಾಮಾನಿಗೆ ಬಿಟ್ಟುಕೊಟ್ಟಂತಾಯಿತು. ಉಳಿದರ್ಧ ಸಂದುಗೊಂದುಗಳಾಗಿ ಹೋಯಿತು. ಮಗು ಅಂಬೆಗಾಲಿಡಲು ಅಲ್ಲಿ ಜಾಗವಿಲ್ಲ. ಸೋಫಾದಡಿಯ ಧೂಳನ್ನು ಗುಡಿಸುವ ಕೈ ಯಾರದೆಂದು ಕೇಳಿದರೆ, ಅದನ್ನು ಕೊಳ್ಳೋಣವೆಂದು ಹಟ ಹಿಡಿದವರ ಕೈ ಸಾಮಾನ್ಯವಾಗಿ ಅದಲ್ಲ.

ಅದೇ ಕೋಣೆಯಲ್ಲಿ ಗೋಡೆಗೆ ಸೇರಿಸಿ ೫ ಅಡಿಯ ಬೆಂಚು, ಕೈಯಿರುವ ಎರಡು ಕುರ್ಚಿ ಇಟ್ಟರೆ ಹೋಗುವುದು ಸುಮಾರು ೧೬ ಚದರಡಿ. ಬೆಂಚಿನ ಎತ್ತರ ೧೭–೧೮ ಅಂಗುಲ ಇರಲಿ. ಮಂಡಿನೋವಿನ ಹಿರಿಯರು ಅದರಿಂದ ಸುಲಭವಾಗಿ ಏಳಬಲ್ಲರು. ಆಳಕ್ಕೆ ಕುಸಿಯುವ ಮೆತ್ತನೆಯ ಸೋಫಾದಿಂದ ಅವರನ್ನು ಎಬ್ಬಿಸಲು ಇಬ್ಬರು ಬೇಕು. ನಾಲ್ಕು ಜನ ಹೆಚ್ಚಿಗೆ ಬಂದರೆ ಜಮಖಾನವಿದೆ.

ಮಿಕ್ಕ ಸಾಮಾನಿಗೆ ಏನು ಮಾಡುವುದು? ಹೊಸ ಮನೆಗಳ ಒಳಗೋಡೆ ನಾಲ್ಕೂವರೆ ಅಥವಾ ಆರು ಅಂಗುಲ ದಪ್ಪ. ಅದರಲ್ಲಿ ಗೂಡು ಕೊರೆಯಲಾಗದು. ಆದ್ದರಿಂದ ಒಂದು ಗೋಡೆಯನ್ನು ಪೂರ್ತಿಯಾಗಿ ಸಾಮಾನಿಗೇ ಬಿಟ್ಟುಕೊಡುವುದು ಲೇಸು. ಹತ್ತಡಿ ಉದ್ದ, ಒಂದೂವರೆ ಅಡಿ ಆಳ, ಏಳಡಿ ಎತ್ತರದ ಬೀರನ್ನು ಆ ಗೋಡೆಗೆ ಸೇರಿಸಿ ಕಟ್ಟಿಸಿದರೆ ೧೦೫ ಘನ ಅಡಿ ಜಾಗ ಸಿಕ್ಕಿತು. ನೆಲದ ಮೇಲೆ ಅದು ತಿನ್ನುವುದು ೧೫ ಚದರಡಿ ಮಾತ್ರ. ಬಾಗಿಲಿಗೆ ಗೋಡೆಯ ಬಣ್ಣವನ್ನೇ ಹೊಡೆಸಿ. ಬೀರು ಇದೆಯೆಂಬುದೇ ಮರೆತುಹೋಗುತ್ತದೆ. ಅದರ ಮೇಲೆ ಅಟ್ಟ. ಗಾಜಿನ ಷೋಕೇಸಿನಲ್ಲಿ ವರ್ಷವೆಲ್ಲ ಬಣ್ಣಗೆಡುವ ಬೊಂಬೆಗಳಿಗಿಂತ, ದಸರೆಯ ಒಂಬತ್ತು ದಿನ ಪೆಟ್ಟಿಗೆಯಿಂದ ಇಳಿದು ಬಂದು ಮತ್ತೆ ಅಟ್ಟ ಸೇರುವ ಪಟ್ಟದ ಬೊಂಬೆಗಳು ಮನೆಗೆ ಹೆಚ್ಚಿನ ಕಳೆ ಕೊಡುತ್ತವಲ್ಲವೆ? ಪೆಟ್ಟಿಗೆ ಬಿಚ್ಚುವಾಗಿನ ಮಕ್ಕಳ ಸಂಭ್ರಮಕ್ಕೆ, ಮುನ್ನೂರೈವತ್ತು ದಿನ ಅವು ಕಣ್ಣಿಗೆ ಬೀಳದೆ ಇದ್ದುದೇ ಕಾರಣ.

ರೇಡಿಯೋ ಇಟ್ಟುಕೊಂಡಿರುವ ನಿಮಗೆ ಇನ್ನೊಂದು ಎಚ್ಚರಿಕೆ ಹೇಳಬೇಕು. ಸಾಮಾನು ತೆಗೆದ ಮೇಲೆ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟಣ್ ಎಂದು ದನಿ ಹಿಂತಿರುಗಿ ಬಂದರೆ, ಅಲ್ಲಿ ರೇಡಿಯೋದ ಮಾತು ಮಾತಿನ ಮೇಲೆ ಬಿದ್ದು ಕಲಸಿಹೋಗುತ್ತದೆ. ಸಿಮೆಂಟಿನ ತಾರಸಿ, ನುಣುಪಾದ ಟೈಲ್ಸ್, ಗಾಜಿನ ಕಿಟಕಿ ಇವು ಮೂರೂ ದನಿಯನ್ನು ಚೆಂಡಿನಂತೆ ಎಸೆದಾಡುತ್ತವೆ. ಹಳೆಯ ಮನೆಯಲ್ಲಿ ಈ ತೊಂದರೆ ಕಡಮೆ. ಹೆಂಚಿನ ಸಂದುಗಳೂ ತೆರೆದ ತೊಟ್ಟಿಯೂ ದನಿಯನ್ನು ಹೊರಕ್ಕೆ ಬಿಟ್ಟುಬಿಡುತ್ತಿದ್ದವು. ಹೊಸ ಮನೆಗೆ ದಪ್ಪನೆಯ ಒಂದು ಜಮಖಾನ, ನೆಲ ಮುಟ್ಟುವ ಹತ್ತಿಯ ಪರದೆ, ಪುಸ್ತಕ ತುಂಬಿದ ಒಂದು ಕಪಾಟು ಇದ್ದರೆ ಸಾಕು. ರೇಡಿಯೋವನ್ನು ಮೂಲೆಗೆ ಒತ್ತಿ ಇಡಬೇಡಿ, ದನಿ ಗುಂಯ್‌ಗುಡುತ್ತದೆ. ಮೈಸೂರಿನಲ್ಲಿ ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರ ಆರಂಭಿಸಿದ್ದು ತಮ್ಮ ವಾಸದ ಮನೆಯಿಂದಲೇ. ಬಾನುಲಿಗೂ ಮನೆಯ ಕೋಣೆಗೂ ಸಂಬಂಧ ಅಷ್ಟು ಹಳೆಯದು.

ಮದ್ದೂರಿನ ಪೇಟೆ ಬೀದಿಯ ಕಡೆಗೆ ಬಂದರೆ ಕಷ್ಟ ಬೇರೆ ಬಗೆಯದು. ಮುಂದೆ ಅಂಗಡಿ, ಹಿಂದೆ ಸಂಸಾರ. ಹದಿನೈದಡಿ ಅಗಲ, ಅರುವತ್ತಡಿ ಉದ್ದ. ಎರಡು ಪಕ್ಕವೂ ನೆರೆಯವರ ಗೋಡೆ. ನಡುವಿನ ಎರಡು ಕೋಣೆಗಳಲ್ಲಿ ಹಗಲು ಹೊತ್ತೂ ದೀಪ ಉರಿಯಬೇಕು. ಇಂಥ ಮನೆಯನ್ನು ಬಿಳಿ ಬಣ್ಣ ಬಳಿದು, ಸಾಮಾನು ತೆಗೆದು ‘ಮಿನಿಮಲ್’ ಮಾಡಿದರೂ ಅದು ಬರಿದಾದ ಗವಿಯಾದೀತೇ ಹೊರತು ಮನೆಯಾಗದು. ಸಿಂಹಳದ ಶಿಲ್ಪಿ ಜೆಫ್ರಿ ಬಾವ (೧೯೧೯–೨೦೦೩) ಕೊಲಂಬೊದ ಒಂದು ಓಣಿಯಲ್ಲಿ ಹೀಗೆಯೇ ಸಾಲಾಗಿದ್ದ ನಾಲ್ಕು ಪುಟ್ಟ ಮನೆಗಳನ್ನು ೧೯೫೮ರಿಂದ ಮುಂದಕ್ಕೆ ಒಂದೊಂದಾಗಿ ಪಡೆದು ತಮ್ಮ ಒಂದೇ ಮನೆಯಾಗಿ ಮಾರ್ಪಡಿಸಿಕೊಂಡರು. ಅವರು ಮಾಡಿದ ಮುಖ್ಯ ಕೆಲಸವೆಂದರೆ, ಅಲ್ಲಲ್ಲಿ ಮಾಡನ್ನು ಬಿಟ್ಟುಕೊಟ್ಟು, ಆಕಾಶಕ್ಕೆ ತೆರೆದ ಪುಟ್ಟಪುಟ್ಟ ಬೆಳಕಿನ ಬಾವಿಗಳನ್ನು ಮನೆಯೊಳಗೆ ಇಳಿಸಿದ್ದು. ಮದ್ದೂರಿನ ಮನೆಗೂ ನಡುವೆ ೫ ಅಡಿಗೆ ೬ ಅಡಿ ಜಾಗವನ್ನು ಹೀಗೆ ತೆರೆದು, ಒಳಗೋಡೆಗೆ ಸುಣ್ಣ ಹೊಡೆದರೆ ಎರಡು ಕತ್ತಲೆ ಕೋಣೆಗಳಿಗೂ ಬೆಳಕು ಬರುತ್ತದೆ. ಅಷ್ಟು ಖರ್ಚಿಗೆ ಆಗದವರು, ಮಂಗಳೂರು ಹೆಂಚಿನ ಮಾಡಾದರೆ ನಾಲ್ಕು ಹೆಂಚು ತೆಗೆದು ನಾಲ್ಕು ಗಾಜಿನ ಹೆಂಚು ಹಾಕಿಸಬಹುದು. ಒಂದು ಬೆಳಗಿನ ಕೆಲಸ.

ಇನ್ನು ನಾವು ಆರಂಭಿಸಿದ ತೊಟ್ಟಿಗೆ ಬರೋಣ. ಮಳವಳ್ಳಿಯಲ್ಲಿ ಒಂದು ತೊಟ್ಟಿಮನೆ, ಅಣ್ಣ ಅಲ್ಲೇ ಇದ್ದಾನೆ, ತಮ್ಮ ಬೆಂಗಳೂರಿನಲ್ಲಿದ್ದಾನೆ, ತಾಯಿ ಬದುಕಿದ್ದಾರೆ. ಹನ್ನೆರಡಡಿ ಚೌಕದ ತೊಟ್ಟಿಯನ್ನು ಮುಚ್ಚಿಸಿದರೆ ೧೪೪ ಚದರಡಿ ಸಿಗುತ್ತದೆ ಎಂದು ಅಣ್ಣನ ಲೆಕ್ಕ. ತಾಯಿಯ ಪ್ರಶ್ನೆ ಒಂದೇ: “ತೊಟ್ಟಿ ಮುಚ್ಬುಟ್ರೆ ಸಂಡಿಗೆ ಎಲ್ಲೊಣಗಾಕ್ಲಪ್ಪ?” ನಗಬೇಡಿ, ಕಟ್ಟಡದ ವಿಷಯದಲ್ಲಿ ಇದಕ್ಕಿಂತ ಹದವಾದ ಪ್ರಶ್ನೆಯನ್ನು ಇಂಜಿನಿಯರೂ ಕೇಳಲಾರ. ಸಿಗುವುದು ೧೪೪ ಚದರಡಿ ನಿಜ. ಕಳೆದುಹೋಗುವುದು, ಸುತ್ತಣ ಅಷ್ಟೂ ಕೋಣೆಗಳ ಬೆಳಕು ಮತ್ತು ಗಾಳಿ. ಆ ಕೋಣೆಗಳಿಗೆ ಹೊರಗೋಡೆಯಲ್ಲಿ ದೊಡ್ಡ ಕಿಟಕಿಗಳಿಲ್ಲ. ಅವು ಉಸಿರಾಡುವುದು ತೊಟ್ಟಿಯ ಮೂಲಕ. ಹಗಲೆಲ್ಲ ಕಾದ ಗಾಳಿ ಹಗುರಾಗಿ ತೊಟ್ಟಿಯಿಂದ ಮೇಲಕ್ಕೆ ಹೋಗುತ್ತದೆ. ರಾತ್ರಿ ಆಕಾಶಕ್ಕೆ ತೆರೆದ ಚಪ್ಪಡಿ ತಣ್ಣಗಾಗಿ, ಅದರ ಮೇಲಣ ತಂಪು ಗಾಳಿ ಪಡಸಾಲೆಗೆ ಹರಿಯುತ್ತದೆ. ನಮ್ಮ ಸೀಮೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿದೆ. ಏಪ್ರಿಲ್ ತಿಂಗಳ ಕೊನೆಗೂ ಆಗಸ್ಟಿನ ಮೂರನೆಯ ವಾರದ ಸುಮಾರಿಗೂ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ಕಡುಬೇಸಗೆಯ ಬಿಸಿಲು ಹೀಗೆ ತೊಟ್ಟಿಯ ನಡುವೆ ಒಂದೆರಡು ಗಂಟೆ ಬಿದ್ದು ಹೋಗುತ್ತದೆ. ಸುತ್ತಣ ಪಡಸಾಲೆಗಳು ನೆರಳಿನಲ್ಲೇ ಇರುತ್ತವೆ. ಆ ಒಂದೆರಡು ಗಂಟೆ ಸಂಡಿಗೆಯದು.

ಅಣ್ಣನ ಮಾತಿನಲ್ಲೂ ನ್ಯಾಯವಿಲ್ಲದಿಲ್ಲ. ಮಳೆ ಬಂದಾಗ ಇರಚಲು, ಕೋತಿಗಳ ಕಾಟ, ಕಳ್ಳರ ಭಯ, ಸೊಳ್ಳೆ. ಇವಕ್ಕೆ ಸ್ಲ್ಯಾಬಲ್ಲದೆ ಬೇರೆ ಪರಿಹಾರಗಳುಂಟು. ತೊಟ್ಟಿಯ ಬಾಯಿಗೆ ಕಬ್ಬಿಣದ ಕಂಬಿ ಹಾಕಿಸಿ. ಮಳೆ ತಡೆಯಬೇಕಾದರೆ, ಸುತ್ತಣ ಮಾಡಿಗಿಂತ ಎರಡಡಿ ಎತ್ತರದಲ್ಲಿ ಕಾಲು ನಿಲ್ಲಿಸಿ, ಬೆಳಕು ಬಿಡುವ ಷೀಟು ಹೊದಿಸಿ, ನಾಲ್ಕು ಕಡೆಯೂ ತೆರೆದಿಟ್ಟು ಬಲೆ ಹೊಡೆಯಿಸಿ. ಷೀಟನ್ನು ಮಾಡಿಗೆ ಅಂಟಿಸಿ ಬಿಗಿದುಬಿಟ್ಟರೆ ಕಾದ ಗಾಳಿಗೆ ದಾರಿಯಿಲ್ಲದೆ ಹಜಾರ ಒಲೆಯಂತಾಗುತ್ತದೆ. ಇದನ್ನು ಮಾಡಿಸಿ ಪಶ್ಚಾತ್ತಾಪ ಪಟ್ಟವರು ನಿಮ್ಮ ಬೀದಿಯಲ್ಲೇ ಇರಬಹುದು, ಕೇಳಿ ನೋಡಿ. ತೊಟ್ಟಿಯಿಂದ ನೀರು ಹೋಗುವ ಮೋರಿಯನ್ನು ಮಾತ್ರ ಎಂದಿಗೂ ಮುಚ್ಚಬೇಡಿ. ಅಂಚಿನಲ್ಲಿ ವಯಸ್ಸಾದವರು ಎಡವದಂತೆ ಬೇರೆ ಬಣ್ಣದ ಕಲ್ಲಿನ ಪಟ್ಟಿಯೊಂದನ್ನು ಕೂರಿಸಿ, ಇಳಿಯುವ ಕಡೆ ಕೈ ಹಿಡಿಯಲು ಒಂದು ಕಂಬಿ ಇರಲಿ. ಕೆಂಪು ನೆಲ ಬಿರುಕು ಬಿಡದೆ ಇದ್ದರೆ ಅದನ್ನು ಒಡೆದು ಟೈಲ್ಸ್ ಹಾಕಿಸುವುದು ದುಂದು. ಒರಸಿದಷ್ಟೂ ಅದು ಹೊಳಪೇರುತ್ತದೆ.

ಗೋಡೆಯ ವಿಷಯದಲ್ಲಂತೂ ದಯವಿಟ್ಟು ಆತುರ ಬೇಡ. ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ ಹಿಡಿಯದು. ಮಣ್ಣು ತೇವ ಹೀರುತ್ತ ಬಿಡುತ್ತ ಇರುತ್ತದೆ. ಸಿಮೆಂಟು ಆ ತೇವಕ್ಕೆ ದಾರಿ ಕಟ್ಟುತ್ತದೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಹಪ್ಪಳದಂತೆ ಎದ್ದು, ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೂ ಇದೇ ಕಥೆ. ಮಣ್ಣಿನ ಗೋಡೆಗೆ ಮಣ್ಣು–ಸುಣ್ಣದ ಗಾರೆ, ಮೇಲೆ ಸುಣ್ಣ. ಕೆಂಪು ನೆಲ, ಕಪ್ಪು ಮರದ ಕಂಬ, ಬಿಳಿಯ ಗೋಡೆ ಇದ್ದ ಮೇಲೆ ಇನ್ನೊಂದು ಅಲಂಕಾರ ಹುಡುಕಿ ಪೇಟೆಗೆ ಹೋಗಬೇಕಾಗಿಲ್ಲ.

ಅಣ್ಣತಮ್ಮಂದಿರು ಪಾಲಾಗುವ ಪ್ರಸಂಗ ಬಂದಾಗ ತೊಟ್ಟಿಗೆ ನಿಜವಾದ ಗಂಡಾಂತರ. ನಡುವೆ ಗೋಡೆ ಎಬ್ಬಿಸಿದರೆ ಇಬ್ಬರಿಗೂ ಸಿಗುವುದು ಆರಡಿ ಅಗಲದ ಒಂದು ಓಣಿ. ಒಬ್ಬನ ಪಾಲಿಗೆ ಬೆಳಗಿನ ಬೆಳಕಿಲ್ಲ, ಇನ್ನೊಬ್ಬನಿಗೆ ಸಂಜೆಯದಿಲ್ಲ. ಮೋರಿಯ ಜಗಳ ಇಬ್ಬರಿಗೂ ಉಂಟು. ಕೋಣೆಗಳನ್ನು ಹಂಚಿಕೊಳ್ಳಿ, ಅಡಿಗೆಮನೆ ಎರಡಾಗಲಿ, ಬೇಕಾದರೆ ಬೀದಿ ಬಾಗಿಲೂ ಎರಡಾಗಲಿ. ತೊಟ್ಟಿ, ಮೋರಿ, ಬಾವಿ ಇದ್ದರೆ ಬಾವಿ, ಇವು ಜಂಟಿ. ಯಾರೂ ಮೇಲೆ ಕಟ್ಟಡ ಎಬ್ಬಿಸಕೂಡದು, ರಿಪೇರಿ ಖರ್ಚು ಅರ್ಧರ್ಧ ಎಂದು ಪಾಲುಪತ್ರದಲ್ಲೇ ಸ್ಪಷ್ಟವಾಗಿ ಬರೆಯಿಸಿ ನೋಂದಾಯಿಸಿ. ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ, ತಾಯಿ ಮನೆಯಲ್ಲಿರುವಾಗಲೇ ಎಲ್ಲರೂ ಪಡಸಾಲೆಯಲ್ಲಿ ಕುಳಿತು ಮಾತು ಮುಗಿಸಿಕೊಳ್ಳಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗಾದರೆ ಒಳ್ಳೆಯದು, ಬಿಸಿಲು ಎಲ್ಲಿ ಬೀಳುತ್ತದೆಂದು ಎಲ್ಲರಿಗೂ ಕಾಣುತ್ತದೆ.